ಮೊಣಕೈಗೆ ಎಂಟರ ತಂತಿ

ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರ ಮೂಳೆ ವಿಭಾಗ. ಒಂಬತ್ತಕ್ಕೆ ಮೊದಲೇ ಬೆಂಚುಗಳು ತುಂಬಿವೆ. ಗೌರಿಬಿದನೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗ, ಚಿಂತಾಮಣಿಯಲ್ಲಿ ಟೊಮೆಟೊ ಕ್ರೇಟು ಇಳಿಸುವಾಗ ಜಾರಿದ ಹಮಾಲಿ, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯ ಒದ್ದೆ ನೆಲಕ್ಕೆ ಮೊಣಕೈ ಬಡಿದುಕೊಂಡ ಹೆಂಗಸು. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ.

“ಪುತ್ತೂರು ಕಟ್ಟು ಹಾಕಿಸಿದ್ರೆ ಆಗಲ್ವಾ ಸಾರ್?” ಹೆಂಗಸಿನ ಅತ್ತೆಯ ಪ್ರಶ್ನೆ. ಆಂಧ್ರದ ಪುತ್ತೂರಿನ ಕಟ್ಟಿನ ಮೇಲೆ ಈ ಸೀಮೆಯವರಿಗೆ ಅಷ್ಟು ನಂಬಿಕೆ.

“ಕೈ ತಲೆ ಮೇಲೆತ್ತಿ ಚಾಚಮ್ಮ” ಎಂದರು ಡಾಕ್ಟರು. ಮುಂಗೈ ಮಡಚಿಕೊಂಡೇ ಉಳಿಯಿತು. ಎಕ್ಸ್‌ರೇ ಬೆಳಕಿಗೆ ಹಿಡಿದರು. ಮುಂಗೈಯ ಅಲ್ನಾ ಮೂಳೆಯ ಮೇಲ್ತುದಿ, ನಾವು ಮೇಜಿಗೆ ಊರುವ ಆ ಗುಬಟು, ತುಂಡಾಗಿ ಮೇಲಕ್ಕೆ ಸರಿದಿದೆ. ಕೈ ಚಾಚಿಸುವ ಟ್ರೈಸೆಪ್ಸ್ ಸ್ನಾಯು ಅಂಟಿರುವುದು ಆ ತುಂಡಿಗೇ. ಹೊರಗಿಂದ ಎಷ್ಟು ಬಿಗಿದು ಕಟ್ಟಿದರೂ ಒಳಗಿನ ಎಳೆತ ನಿಲ್ಲದು.

ಥಿಯೇಟರಿನಲ್ಲಿ ತೋಳಷ್ಟೇ ಮರಗಟ್ಟುವ ಇಂಜೆಕ್ಷನ್. ಮೊಣಕೈ ಹಿಂದೆ ಉದ್ದನೆಯ ಸೀಳು. ಹೆಪ್ಪುಗಟ್ಟಿದ ರಕ್ತ ತೊಳೆದು, ತುಂಡನ್ನು ಇಕ್ಕಳದಲ್ಲಿ ಜಾಗಕ್ಕೆ ಕೂರಿಸಿ, ಎರಡು ಕೆ-ವೈರುಗಳನ್ನು ಡ್ರಿಲ್ಲಿನಿಂದ ಇಳಿಸುತ್ತಾರೆ. ಜರ್ಮನಿಯ ಸರ್ಜನ್ ಮಾರ್ಟಿನ್ ಕಿರ್ಷ್ನರ್ 1909ರಲ್ಲಿ ಬಳಕೆಗೆ ತಂದ ಸರಳುಗಳಿವು. ಆಮೇಲೆ ಮೂಳೆಗೆ ಅಡ್ಡ ತೂತು ಕೊರೆದು ಸ್ಟೀಲ್ ತಂತಿ ಪೋಣಿಸಿ, ಇಂಗ್ಲಿಷಿನ ಎಂಟರಂತೆ ಸುತ್ತಿ, ಬಾರ್ ಬೆಂಡರ್ ಕಬ್ಬಿಣ ಕಟ್ಟುವ ಹಾಗೆ ತಿರುಚಿ ಬಿಗಿಯುತ್ತಾರೆ. ಮೂಳೆ ಪುಡಿಯಾಗಿದ್ದರೆ ತಂತಿ ಸಾಲದು, ಪ್ಲೇಟು ಬೇಕು.

ಚಾತುರ್ಯವಿರುವುದು ಈ ಎಂಟರಲ್ಲಿ. ಮೊಣಕೈ ಮಡಚಿದಾಗ ಸ್ನಾಯು ಎಳೆಯುತ್ತದೆ. ಬೆನ್ನಿನ ಕಡೆಯ ತಂತಿ ಆ ಎಳೆತವನ್ನು ತಡೆದು, ಕೀಲಿನ ಕಡೆ ಮುರಿದ ಅಂಚುಗಳನ್ನು ಒಂದಕ್ಕೊಂದು ಒತ್ತುತ್ತದೆ. ಮೂಳೆ ಬಿಡಿಸಿದ ಬಲವೇ ಈಗ ಕೂಡಿಸುವ ಕೆಲಸಕ್ಕೆ ನಿಂತಿದೆ.

ವಾರ್ಡಿನಲ್ಲಿ ಅತ್ತೆಗೆ ಇನ್ನೂ ಸಮಾಧಾನವಿಲ್ಲ. “ಮೂರು ತಿಂಗಳು ಅಲ್ಲಾಡಿಸದೆ ಇಡಬೇಕಲ್ವಾ ಸಾರ್?”

“ಹಂಗಿಟ್ರೆ ಮೂಳೆ ಕೂಡುತ್ತೆ, ಕೀಲು ಬಿಗಿಯುತ್ತೆ. ನಾವು ಹೇಳಿಕೊಟ್ಟ ಹಾಗೆ ಈಗಿನಿಂದಲೇ ನಿಧಾನಕ್ಕೆ ಆಡಿಸಲಿ. ಮುಂದೆ ತಂತಿ ಚುಚ್ಚಿದರೆ ತೆಗೆದುಬಿಡೋಣ.”

“ಹಂಗಾದ್ರೆ ಕೆಲಸಕ್ಕೆ?”

“ತಲೆ ಬಾಚಿಕೊಳ್ಳಲಿ, ಊಟ ಮಾಡಲಿ. ಗೂಡಿನ ಚೀಲ, ನೀರಿನ ಬಕೆಟ್ಟು ಮೂಳೆ ಕೂಡೋವರೆಗೆ ನಿಮ್ಮದು, ಅಮ್ಮಾ.”

ಸೊಸೆ ನಕ್ಕಳು. ಅತ್ತೆ ನಗಲಿಲ್ಲ.