ಕ್ರೀಡಾಕಾರಿನ ಸ್ಪ್ರಿಂಗು: ಅಂದಕ್ಕೋ, ಭಾರಕ್ಕೋ?

ಹಳೆಯ ಕ್ರೀಡಾಕಾರುಗಳನ್ನು ಕೊಂಡು, ಎಂಜಿನ್ನು, ಚಕ್ರ, ಬಂಪರುಗಳನ್ನು ಇಷ್ಟದಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸವು ನಮ್ಮ ವಾಚಕರ ಮನೆಗಳ ತರುಣರಿಗೂ ಅಪರಿಚಿತವಲ್ಲ. ಹವ್ಯಾಸವನ್ನು ನಾವು ಹಳಿಯುವವರಲ್ಲ. ಆದರೆ ಗಾಡಿಯು ನೆಲಕ್ಕೆ ಬಗ್ಗಿ ನಿಂತರೆ ನೋಟಕ್ಕೆ ಚೆಂದವೆಂಬ ಒಂದೇ ಕಾರಣದಿಂದ ಸ್ಪ್ರಿಂಗುಗಳನ್ನು ಆರಿಸುವವರಿಗೆ ನಾಲ್ಕು ಮಾತು ಹೇಳದಿರಲಾರೆವು. ಬ್ರೇಕು ಹಿಡಿಯುವುದೂ, ತಿರುವಿನಲ್ಲಿ ಗಾಡಿಯು ಚಾಲಕನ ಕೈಮಾತು ಕೇಳುವುದೂ ಟೈರು ನೆಲವನ್ನು ಬಿಡದಿದ್ದರೆ ಮಾತ್ರ. ಅದನ್ನು ನೆಲಕ್ಕೆ ಒತ್ತಿಡುವ ಹೊಣೆಯಲ್ಲಿ ಸ್ಪ್ರಿಂಗಿನ ಪಾಲು ದೊಡ್ಡದು.

ಇಂಗ್ಲೆಂಡಿನ ಎಂ.ಜಿ.ಬಿ. ಕಾರನ್ನೇ ನೋಡೋಣ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದ ಈ ಗಾಡಿಯನ್ನು ಮಾರ್ಪಡಿಸದೆ ಬಿಟ್ಟವರೇ ಕಡಿಮೆ. (ಇಂದು ನಮ್ಮ ಬೀದಿಗಳಲ್ಲಿ ಓಡುವ ಕೆಲವು ಎತ್ತರದ ಗಾಡಿಗಳ ಮುಂಭಾಗದಲ್ಲಿ ಕಾಣುವ ಅಷ್ಟಕೋನದ ಮುದ್ರೆಯು ಅದೇ ಮನೆತನದ್ದು, ಮಾಲೀಕರು ಮಾತ್ರ ಬೇರೆ.) ಮುಂದಕ್ಕೆ ಸುರುಳಿ ಸ್ಪ್ರಿಂಗು, ಹಿಂದಕ್ಕೆ ಜಟಕಾಗಾಡಿಯಲ್ಲಿರುವಂತಹ ಪಟ್ಟಿಗಳ ಕಮಾನು. 1974ರಲ್ಲಿ ಅಮೆರಿಕದ ನಿಯಮಗಳಿಗೆ ಹೊಂದಿಸಲೆಂದು ಭಾರವಾದ ರಬ್ಬರು ಬಂಪರುಗಳನ್ನು ತೊಡಿಸಿ, ಗಾಡಿಯನ್ನು ಸುಮಾರು ಒಂದೂವರೆ ಅಂಗುಲ ಮೇಲೆತ್ತಿದರು. ತೆರೆದ ಮಾದರಿಯಲ್ಲಿ ಓಲಾಟ ತಡೆಯುವ ಸರಳನ್ನೂ ಕೆಲಕಾಲ ಕೈಬಿಟ್ಟರು. ತಿರುವಿನಲ್ಲಿ ಗಾಡಿ ದೋಣಿಯಂತೆ ವಾಲತೊಡಗಿತು. 1976ರಲ್ಲಿ ಸರಳು ಮರಳಿ ಬಂದಿತಾದರೂ ಎತ್ತರವು ಇಳಿಯಲಿಲ್ಲ. ತಗ್ಗಿಸುವ ಸ್ಪ್ರಿಂಗುಗಳಿಗೆ ಇಂದಿಗೂ ಗಿರಾಕಿಗಳಿರುವುದು ಇದರಿಂದಲೇ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಮುಂಭಾಗದ ಎತ್ತರ ಹೆಚ್ಚಿದುದು ಸ್ಪ್ರಿಂಗಿನಿಂದಲ್ಲ, ಅದನ್ನು ಹೊತ್ತ ಅಡ್ಡತೊಲೆಯ ಬದಲಾವಣೆಯಿಂದ. ಗಿಡ್ಡ ಸ್ಪ್ರಿಂಗು ಹಾಕಿದರೆ ಎತ್ತರವೇನೋ ಇಳಿಯುವುದು. ಆದರೆ ಚಕ್ರವನ್ನು ಹಿಡಿದ ತೋಳುಗಳ ಓರೆ ಕೆಟ್ಟು, ಚಕ್ರಕ್ಕೆ ಮೇಲೇಳುವ ಅವಕಾಶವೂ ಕುಗ್ಗುವುದು. ಬಲ್ಲವರು ಹಳೆಯ ಮಾದರಿಯ ಅಡ್ಡತೊಲೆಯನ್ನೇ ಹುಡುಕಿ ತರುತ್ತಾರೆ. ಖರ್ಚು ಹೆಚ್ಚು; ನಮ್ಮ ಮಟ್ಟಿಗೆ ಅದೇ ಸರಿಯಾದ ದಾರಿ.

ಇನ್ನು ಭಾರದ ವಿಚಾರ. ಇದೇ ಗಾಡಿಗೆ 1967ರಲ್ಲಿ ಆರು ಸಿಲಿಂಡರುಗಳ ಕಬ್ಬಿಣದ ಎಂಜಿನ್ನನ್ನು ಕೂರಿಸಿ ಎಂ.ಜಿ.ಸಿ. ಎಂದು ಹೆಸರಿಟ್ಟರು. ಎಂಜಿನ್ನು ಹಿಂದಿನದಕ್ಕಿಂತ ಸುಮಾರು 90 ಕಿಲೋ ಹೆಚ್ಚು ತೂಗುತ್ತಿತ್ತು. ಮುಂಭಾಗದ ಸುರುಳಿಗಳನ್ನೇ ತೆಗೆದು ತಿರುಚು ಸರಳುಗಳನ್ನು ಹಾಕಿದರೂ, ಮೂತಿ ಭಾರವೆಂಬ ಆಕ್ಷೇಪ ತಪ್ಪಲಿಲ್ಲ. 1969ರಲ್ಲಿ ಗಾಡಿಯೇ ನಿಂತುಹೋಯಿತು. 1973ರಲ್ಲಿ ಬಂದ ಎಂಟು ಸಿಲಿಂಡರಿನ ರೋವರ್ ಎಂಜಿನ್ನಾದರೋ ಅಲ್ಯೂಮಿನಿಯಮ್ಮಿನದು. ತೂಕವು ಹೆಚ್ಚುಕಡಿಮೆ ಹಳೆಯ ನಾಲ್ಕು ಸಿಲಿಂಡರಿನಷ್ಟೇ. ಆದುದರಿಂದ ಸಿಲಿಂಡರುಗಳನ್ನು ಎಣಿಸಿ ಫಲವಿಲ್ಲ. ಎಂಜಿನ್ನು, ಬಂಪರು, ಪೆಟ್ರೋಲು ತೊಟ್ಟಿ ಎಲ್ಲವೂ ಕೂತ ಮೇಲೆ ಒಂದೊಂದು ಚಕ್ರದ ಮೇಲೆ ಬೀಳುವ ಭಾರವನ್ನು ತೂಗಿಸತಕ್ಕದ್ದು. ಅಕ್ಕಿಮೂಟೆಯನ್ನು ತೂಗದೆ ಉಗ್ರಾಣಕ್ಕೆ ಸೇರಿಸಿದ ಹೋಟೆಲು ಬಹುಕಾಲ ನಡೆದುದನ್ನು ನಾವು ಕಂಡಿಲ್ಲ.

ಅಂಗಡಿಯಲ್ಲಿ ಎರಡು ಸಂಗತಿಗಳನ್ನು ಕೇಳಿರಿ: ಭಾರವಿಲ್ಲದಾಗ ಸ್ಪ್ರಿಂಗಿನ ಉದ್ದವೆಷ್ಟು, ಅದನ್ನು ಒಂದು ಅಂಗುಲ ಅದುಮಲು ಬೇಕಾದ ಭಾರವೆಷ್ಟು? ಈ ಎರಡು ಅಂಕೆಗಳನ್ನು ಹೇಳದೆ ಬಣ್ಣದ ಸೊಬಗನ್ನೇ ಹೊಗಳುವವನಿಗೆ ನಮಸ್ಕರಿಸಿ ಹೊರಡುವುದು ಲೇಸು. ಕಣ್ಣಂದಾಜು ಇಲ್ಲಿ ಸಲ್ಲದು. 10 ಮಿಲಿಮೀಟರಿನ ತಂತಿಯ ಬದಲು 11ರದನ್ನು ಬಳಸಿ ಉಳಿದೆಲ್ಲವನ್ನೂ ಹಾಗೆಯೇ ಇಟ್ಟರೆ, ಬಿಗಿಯು ಶೇಕಡಾ 46ರಷ್ಟು ಏರುವುದು! ಸ್ಪ್ರಿಂಗು ಕೂತ ಜಾಗವೂ ಮುಖ್ಯ. ಅದು ತೋಳಿನ ನಟ್ಟನಡುವೆ ಇದ್ದರೆ, ಅದರ ಬಿಗಿಯ ಕಾಲುಭಾಗವಷ್ಟೇ ಚಕ್ರಕ್ಕೆ ತಲುಪುವುದು. ಇನ್ನೊಬ್ಬರ ಬೇರೊಂದು ಕಾರಿಗೆ ಒಪ್ಪಿದ ಅಂಕೆಯನ್ನು ನಕಲು ಮಾಡಬಾರದೆನ್ನುವುದು ಇದಕ್ಕಾಗಿಯೇ.

ಸುರುಳಿಯನ್ನು ಕತ್ತರಿಸಿ ಗಿಡ್ಡ ಮಾಡುವುದಂತೂ ಬೇಡವೇ ಬೇಡ. ಆರು ಸುತ್ತಿನಲ್ಲಿ ಒಂದನ್ನು ಕಡಿದರೆ ಬಿಗಿಯು ಶೇಕಡಾ 20ರಷ್ಟು ಹೆಚ್ಚುವುದಲ್ಲದೆ, ತುದಿಯು ತನ್ನ ಪೀಠದಲ್ಲಿ ಸರಿಯಾಗಿ ಕೂರದೆ, ಚಕ್ರವು ಹಳ್ಳಕ್ಕಿಳಿದಾಗ ಸ್ಪ್ರಿಂಗು ಜಾರುವ ಭಯವಿರುವುದು. ಕೆಂಪಗೆ ಕಾಯಿಸಿ ತಗ್ಗಿಸುವವರು ಉಕ್ಕಿಗೆ ಕೊಟ್ಟ ಹದವನ್ನೇ ಕೊಲ್ಲುತ್ತಾರೆ.

ಬಿಗಿಯಾದಷ್ಟೂ ಒಳ್ಳೆಯದೆಂಬುದೂ ಭ್ರಮೆ. 1962ರ ಲೋಟಸ್ ಎಲಾನ್ ಕಾರು ಮೆದು ಸ್ಪ್ರಿಂಗುಗಳನ್ನೇ ಇಟ್ಟುಕೊಂಡು ತಿರುವಿನ ಹಿಡಿತಕ್ಕೆ ಕೀರ್ತಿ ಪಡೆಯಿತು. ನಮ್ಮ ದೇಶದಲ್ಲಿ ವೇಗತಡೆಯ ಉಬ್ಬಿಗೆ ನಿಯಮವು ಹೇಳುವ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ನಮ್ಮ ಕಾಲನಿಗಳಲ್ಲಿ ಅಳತೆಕೋಲಿನ ಮುಖವನ್ನೇ ಕಾಣದೆ ಎದ್ದ ಗೋಡೆಗಳೆಷ್ಟೋ! ಇವುಗಳ ಮೇಲೆ ಅತಿ ಬಿಗಿಯಾದ ಗಾಡಿಯ ಚಕ್ರಗಳು ನೆಲ ಬಿಟ್ಟು ಕುಪ್ಪಳಿಸುವುವು. ಮಳೆಗಾಲದಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಸವೆದ ಶಾಕ್ ಅಬ್ಸಾರ್ಬರುಗಳ ಮೇಲೆ ಬಿಗಿ ಸ್ಪ್ರಿಂಗು ಹಾಕಿದರೆ ಕುಣಿತವು ಮತ್ತಷ್ಟು ಹೆಚ್ಚುವುದು. ಎರಡಕ್ಕೂ ಹಣ ಸಾಲದಿದ್ದರೆ ಮೊದಲು ಶಾಕ್ ಅಬ್ಸಾರ್ಬರನ್ನು ಸರಿಪಡಿಸಿರಿ.

ಹಳೆಯದನ್ನು ಬಿಚ್ಚುವ ಕೆಲಸವನ್ನು ಅನುಭವಿ ಮಿಸ್ತ್ರಿಗೇ ಬಿಡುವುದು ಕ್ಷೇಮ. ಅದುಮಿಕೊಂಡಿರುವ ಸ್ಪ್ರಿಂಗು ಚಿಮ್ಮಿದರೆ ಕೈಮೂಳೆ ಉಳಿಯದು. ಎರಡೂ ಬದಿಯವನ್ನು ಒಟ್ಟಿಗೇ ಬದಲಾಯಿಸಬೇಕು. ರಬ್ಬರು ಬುಶ್ಶುಗಳ ಬೋಲ್ಟುಗಳನ್ನು ಗಾಡಿಯ ಭಾರವು ಚಕ್ರಗಳ ಮೇಲಿರುವಾಗಲೇ ಬಿಗಿಸತಕ್ಕದ್ದು; ಚಕ್ರಗಳು ಜೋತಾಡುತ್ತಿರುವಾಗ ಬಿಗಿಸಿದರೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುವುದು. ಹೊಸ ಸ್ಪ್ರಿಂಗು ಕೆಲವು ದಿನ ಓಡಿ ತುಸು ಕುಳಿತ ಮೇಲೆ ಚಕ್ರಗಳ ಅಲೈನ್‌ಮೆಂಟನ್ನೂ, ಹೆಡ್‌ಲೈಟುಗಳ ನೋಟವನ್ನೂ ಮತ್ತೊಮ್ಮೆ ನೋಡಿಸಿರಿ.