ಆಮದು ರೇಷ್ಮೆ ಮತ್ತು ಬಿಚ್ಚಾಣಿಕೆ ಕೂಲಿಕಾರರ ದುಡಿಮೆ

ರೇಷ್ಮೆಗೂಡನ್ನು ಮಾರುಕಟ್ಟೆಗೆ ಮುಟ್ಟಿಸಿದರೆ ರೈತನ ಕೆಲಸ ಮುಗಿಯುತ್ತದೆ. ಇನ್ನೊಬ್ಬರ ಕೆಲಸ ಅಲ್ಲಿಂದ ಮೊದಲಾಗುತ್ತದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡನ್ನು ಬೇಯಿಸಿ, ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹಿಡಿಯುವ ಕೂಲಿಕಾರರಲ್ಲಿ ಹೆಂಗಸರೂ ಬಹಳ. ಜಾಗತೀಕರಣದಿಂದ ಇವರ ದುಡಿಮೆಗೆ ಏನಾಗಿದೆ ಎಂಬುದನ್ನು ಗೂಡು ಬೆಳೆಯುವವರು ತಿಳಿದಿರುವುದು ಅಗತ್ಯ.

ಸುಂಕ ಇಳಿದಾಗ

ಪ್ರಪಂಚದಲ್ಲಿ ಅತಿ ಹೆಚ್ಚು ರೇಷ್ಮೆ ಉತ್ಪಾದಿಸುವ ದೇಶ ಚೀನಾ, ಎರಡನೆಯದು ಭಾರತ. ಚೀನಾದ ದ್ವಿತಳಿ ನೂಲು ಒಂದೇ ಸಮನಾಗಿರುವುದರಿಂದ ವಿದ್ಯುತ್ ಮಗ್ಗಕ್ಕೆ ಚೆನ್ನಾಗಿ ಹೊಂದುತ್ತದೆ. ಅದರ ಆಮದಿಗೆ ಇರುವ ತಡೆಯೇ ಸುಂಕ. 2011ರ ಕೇಂದ್ರ ಬಜೆಟ್ಟಿನಲ್ಲಿ ಇದನ್ನು ಶೇ. 30ರಿಂದ 5ಕ್ಕೆ ಇಳಿಸಲಾಯಿತು. ಆ ವರ್ಷ ನಮ್ಮ ಮಾರುಕಟ್ಟೆಗಳಲ್ಲಿ ಗೂಡಿನ ದರ ಕುಸಿಯಿತು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು, ಮುಂದೆ 10ಕ್ಕೆ ಇಳಿದು, 2021ರಲ್ಲಿ ಪುನಃ 15 ಆಯಿತು.

ನೂಲಿನ ಬೆಲೆ ಇಳಿದಾಗ ಬಿಚ್ಚಾಣಿಕೆದಾರನು ಗೂಡು ಕೊಳ್ಳುವುದನ್ನು ಕಡಿಮೆ ಮಾಡುತ್ತಾನೆ. ಒಲೆ ಉರಿಯದ ದಿನ ಕೂಲಿಯೂ ಇಲ್ಲ. ರೈತನು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಡಬಹುದು. ವರ್ಷಾನುಗಟ್ಟಲೆ ಎಳೆ ಹಿಡಿದ ಕೈಗೆ ಬೇರೆ ಕಸಬು ಸುಲಭವಲ್ಲ.

ಯಂತ್ರ ಬಂದಾಗ

ಚೀನಾದ ನೂಲಿಗೆ ಸರಿಗಟ್ಟಲು ನಮ್ಮಲ್ಲೂ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಂದಿವೆ. ಚರಕದಲ್ಲಿ ನೂಲಿನ ದಪ್ಪವನ್ನು ಕೂಲಿಕಾರನ ಕಣ್ಣು ಅಳೆಯುತ್ತದೆ. ಇಲ್ಲಿ ಯಂತ್ರವೇ ಅಳೆದು ಹೊಸ ಗೂಡಿನ ಎಳೆಯನ್ನು ಸೇರಿಸುತ್ತದೆ. ಒಂದು ಕಿಲೋ ನೂಲಿಗೆ ಬೇಕಾಗುವ ಆಳುಗಳು ಕಡಿಮೆ. ಆದರೆ ಯಂತ್ರ ನೋಡಿಕೊಳ್ಳಲು, ನೂಲಿನ ಗುಣ ಪರೀಕ್ಷಿಸಲು ತಿಳಿದವರು ಬೇಕು. ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇಂಥ ತರಬೇತಿ ನೀಡುತ್ತದೆ. ವಿಸ್ತರಣಾ ಕಾರ್ಯಕರ್ತರು ಇದನ್ನು ಮಾಲೀಕರಿಗಷ್ಟೇ ಅಲ್ಲದೆ ಕೂಲಿಕಾರರಿಗೂ ತಿಳಿಸಬೇಕು.

ರೈತನ ಪಾಲು

ಈ ಯಂತ್ರಕ್ಕೆ ಒಂದೇ ಗಾತ್ರದ, ಗಟ್ಟಿಯಾದ ದ್ವಿತಳಿ ಗೂಡು ಬೇಕು. ಒಂದು ಕಿಲೋ ನೂಲಿಗೆ ಒಳ್ಳೆಯ ದ್ವಿತಳಿ ಗೂಡಾದರೆ ಸುಮಾರು 6ರಿಂದ 6.5 ಕಿಲೋ ಸಾಕು. ಮಿಶ್ರತಳಿಯಾದರೆ ಇದಕ್ಕಿಂತ ಹೆಚ್ಚು ಬೇಕು. ಆದುದರಿಂದ ರೈತರು ಈ ಅಂಶಗಳನ್ನು ಗಮನಿಸಬೇಕು:

1. ಹಣ್ಣಾದ ಹುಳುಗಳನ್ನು ಚಂದ್ರಿಕೆಯಲ್ಲಿ ಒತ್ತಾಗಿ ಬಿಡಬಾರದು. ಬಿಟ್ಟರೆ ಜೋಡಿಗೂಡುಗಳು ಹೆಚ್ಚುತ್ತವೆ.

2. ಹುಳು ಗೂಡು ಕಟ್ಟುವಾಗ ಗಾಳಿ ಚೆನ್ನಾಗಿ ಆಡಬೇಕು. ತೇವ ಹೆಚ್ಚಾದರೆ ಎಳೆ ಬಿಚ್ಚುವಾಗ ಪದೇ ಪದೇ ತುಂಡಾಗುತ್ತದೆ.

3. ದ್ವಿತಳಿ ಗೂಡನ್ನು 7–8ನೆಯ ದಿನ ಬಿಡಿಸಿ, ಜೋಡಿಗೂಡು, ಕಲೆಗೂಡುಗಳನ್ನು ಬೇರ್ಪಡಿಸಿ ಮಾರುಕಟ್ಟೆಗೆ ತರಬೇಕು.

ಒಳ್ಳೆಯ ಗೂಡೊಂದರಿಂದಲೇ ಕೂಲಿಕಾರರ ನಾಳೆ ಭದ್ರವಾಗದು. ಸುಂಕವೂ ತರಬೇತಿಯೂ ಸರ್ಕಾರದ ಹೊಣೆ. ಆದರೆ ಗೂಡಿನ ಗುಣ ರೈತನ ಕೈಯಲ್ಲೇ ಇದೆ. ಎಳೆ ತುಂಡಾದಷ್ಟೂ ನೂಲು ಹಿಂದೆ ಬೀಳುತ್ತದೆ. ಅದರೊಡನೆ ಅದನ್ನು ತೆಗೆಯುವವರ ಕೂಲಿಯೂ, ಗೂಡಿಗೆ ಸಿಗುವ ದರವೂ ಹಿಂದೆ ಬೀಳುತ್ತವೆ.