ಪೆಟ್ರೋಲ್ ಬಂಕಿನಲ್ಲಿ ಕರೆಂಟು ಮಾರಾಟ!

ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೊರಟ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಅದು ವಿದ್ಯುತ್ ಕಾರು. ಚಿತ್ರದುರ್ಗ ಬರುವ ಹೊತ್ತಿಗೆ ಬ್ಯಾಟರಿಯಲ್ಲಿ ಉಳಿದದ್ದು ಶೇಕಡ 20 ಮಾತ್ರ. ಅಪ್ಪ ಕಾರನ್ನು ತಿರುಗಿಸುವುದು ಎಲ್ಲಿಗೆ? ಪೆಟ್ರೋಲ್ ಬಂಕಿಗೆ! ಅಲ್ಲಿ ಪಂಪುಗಳಿಂದ ದೂರ, ಆವರಣದ ಒಂದು ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆಯೊಂದು ನಿಂತಿದೆ. ಅದರ ದಪ್ಪ ಕೇಬಲನ್ನು ಕಾರಿಗೆ ಸಿಕ್ಕಿಸಿ ಅಪ್ಪ ಕಾಫಿಗೆ ಹೊರಟರೆ, ಪಿಯುಸಿ ಓದುವ ಮಗಳು ಕೇಳುತ್ತಾಳೆ: ‘ಅಪ್ಪಾ, ಪೆಟ್ರೋಲ್ ಮಾರೋರೇ ಕರೆಂಟೂ ಮಾರಿದ್ರೆ, ಅವರ ಪೆಟ್ರೋಲನ್ನ ಯಾರು ಕೊಳ್ತಾರೆ?’

ಒಳ್ಳೆಯ ಪ್ರಶ್ನೆ. ಎತ್ತಿನ ಗಾಡಿ ಮಾಡುವ ಬಡಗಿ ತಾನೇ ಟ್ರ್ಯಾಕ್ಟರ್ ರಿಪೇರಿ ಅಂಗಡಿ ತೆರೆದಂತೆ ಇದು. ಆದರೆ ಜಗತ್ತಿನ ದೊಡ್ಡ ತೈಲ ಕಂಪನಿಗಳು ಈ ಅಂಗಡಿಯನ್ನು ತೆರೆದು ಕೆಲವು ವರ್ಷಗಳೇ ಆದವು. 2017ರಲ್ಲಿ ಶೆಲ್ ಕಂಪನಿ, ಯುರೋಪಿನ ದೊಡ್ಡ ಚಾರ್ಜಿಂಗ್ ಸಂಸ್ಥೆಗಳಲ್ಲೊಂದಾದ ನ್ಯೂಮೋಷನ್ ಅನ್ನು ಕೊಂಡಿತು. ಮರುವರ್ಷ ಬಿ.ಪಿ. ಕಂಪನಿ 13 ಕೋಟಿ ಪೌಂಡ್ ತೆತ್ತು ಬ್ರಿಟನ್ನಿನ ಚಾರ್ಜ್‌ಮಾಸ್ಟರ್ ಅನ್ನು ತನ್ನದಾಗಿಸಿಕೊಂಡಿತು. 2022ರ ಜನವರಿಯಲ್ಲಂತೂ ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿದ್ದ ತನ್ನ ಬಂಕೊಂದರ ಪಂಪುಗಳನ್ನೆಲ್ಲ ಕಿತ್ತುಹಾಕಿ ಶೆಲ್ ಅಲ್ಲಿ ಬರೀ ಚಾರ್ಜರುಗಳನ್ನೇ ನಿಲ್ಲಿಸಿತು.

ಹಾಗೆಂದು ಇವರು ತೈಲವನ್ನು ಬಿಟ್ಟುಬಿಟ್ಟರು ಎಂದುಕೊಳ್ಳಬೇಡಿ. 2025ರ ಫೆಬ್ರುವರಿಯಲ್ಲಿ ಇದೇ ಬಿ.ಪಿ. ಮತ್ತೆ ತೈಲ ಮತ್ತು ಅನಿಲದ ಮೇಲೆ ಹೆಚ್ಚು ಹಣ ಹೂಡುವುದಾಗಿ ಸಾರಿತು. ಒಂದು ಕಾಲು ಹಳೆಯ ದೋಣಿಯಲ್ಲಿ, ಇನ್ನೊಂದು ಹೊಸ ದೋಣಿಯಲ್ಲಿ!

ನಮ್ಮಲ್ಲಿ ಏನಾಗಿದೆ?

ಭಾರತದಲ್ಲಿ ಈ ಕೆಲಸ ಮುಖ್ಯವಾಗಿ ಸರ್ಕಾರಿ ಒಡೆತನದ ಮೂರು ಕಂಪನಿಗಳ ಹೆಗಲಿಗೆ ಬಿದ್ದಿದೆ: ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ. 2017ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ನಾಗಪುರದ ಒಂದು ಬಂಕಿನಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. 2021ರಲ್ಲಿ ಮೂರೂ ಕಂಪನಿಗಳು ಸೇರಿ 22,000 ಕೇಂದ್ರಗಳ ಗುರಿ ಹಾಕಿಕೊಂಡವು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇವಕ್ಕೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರು ಮಾಡಿತು. ಅದೇ ತಿಂಗಳು ಭಾರತ್ ಪೆಟ್ರೋಲಿಯಂ ಕರ್ನಾಟಕ, ಕೇರಳ ಮತ್ತು ತಮಿಳುನಾಡಿನ ಹೆದ್ದಾರಿಗಳ 110 ಬಂಕುಗಳಲ್ಲಿ ಇಂಥ ಚಾರ್ಜರುಗಳನ್ನು ಒದಗಿಸುವುದಾಗಿ ಪ್ರಕಟಿಸಿತು.

ಇವರಿಗೇ ಏಕೆ ಈ ಕೆಲಸ? ಉತ್ತರ ಸರಳ: ಜಾಗ. ಮೂರು ಕಂಪನಿಗಳಿಗೆ ದೇಶದಲ್ಲಿ 80 ಸಾವಿರಕ್ಕೂ ಹೆಚ್ಚು ಬಂಕುಗಳಿವೆ. ಹೆದ್ದಾರಿಯ ಪಕ್ಕದಲ್ಲೇ ಜಾಗ, ರಾತ್ರಿ ದೀಪ, ಕುಡಿಯುವ ನೀರು, ಶೌಚಾಲಯ, ಕಾವಲಿಗೆ ಜನ ಎಲ್ಲವೂ ಅಲ್ಲಿ ಮೊದಲೇ ಇವೆ. ಇನ್ನೊಂದು ಲಾಭವೂ ಉಂಟು. ಪೆಟ್ರೋಲ್ ತುಂಬಿಸುವವರು ಐದು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಕಾರು ಚಾರ್ಜ್ ಮಾಡುವವರು ಮುಕ್ಕಾಲು ಗಂಟೆ ಕೂರುತ್ತಾರೆ. ಕೂತವರು ಕಾಫಿ ಕುಡಿಯುತ್ತಾರೆ, ಮಕ್ಕಳಿಗೆ ಬಿಸ್ಕತ್ತು ಕೊಳ್ಳುತ್ತಾರೆ!

ಸ್ವಾರಸ್ಯವೆಂದರೆ, ಕಾನೂನಿನ ಪ್ರಕಾರ ಇದು ಕರೆಂಟು ‘ಮಾರಾಟ’ವೇ ಅಲ್ಲ. ವಾಹನಕ್ಕೆ ಚಾರ್ಜ್ ಮಾಡುವುದು ಒಂದು ಸೇವೆ, ಅದಕ್ಕೆ ವಿದ್ಯುತ್ ಮಾರುವ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಬಂಕುಗಳಿಗೆ ಬಾಗಿಲು ತೆರೆದದ್ದು ಆಗಲೇ.

ವೇಗದ ಗುಟ್ಟು

2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ ಪುಟ್ಟ ‘ರೇವಾ’ ಕಾರು ನಿಮ್ಮ ತಂದೆ ತಾಯಿಯರಿಗೆ ನೆನಪಿರಬಹುದು. ಅದು 80 ಕಿಲೋಮೀಟರ್ ಓಡಲು 8 ಗಂಟೆ ಚಾರ್ಜ್ ಆಗಬೇಕಿತ್ತು. ಇಂದು ಅಷ್ಟು ದೂರದ ವಿದ್ಯುತ್ತು ಅರ್ಧ ಗಂಟೆಯಲ್ಲಿ ತುಂಬುವುದು ಹೇಗೆ?

ನಮ್ಮ ಮನೆಗೆ ಬರುವುದು ಎ.ಸಿ., ಅಂದರೆ ಪರ್ಯಾಯ ವಿದ್ಯುತ್ತು. ಬ್ಯಾಟರಿ ತೆಗೆದುಕೊಳ್ಳುವುದು ಡಿ.ಸಿ., ಅಂದರೆ ನೇರ ವಿದ್ಯುತ್ತು. ಮನೆಯಲ್ಲಿ ಚಾರ್ಜ್ ಮಾಡುವಾಗ ಈ ಪರಿವರ್ತನೆಯನ್ನು ಕಾರಿನೊಳಗಿನ ಸಣ್ಣ ಯಂತ್ರ ಮಾಡುತ್ತದೆ. ಅದು ಸಣ್ಣದಾದ್ದರಿಂದ ನಿಧಾನ. ಬಂಕಿನ ವೇಗದ ಚಾರ್ಜರಿನಲ್ಲಿ ಪರಿವರ್ತನೆಯ ಭಾರವನ್ನೆಲ್ಲ ಹೊರಗಿನ ದೊಡ್ಡ ಪೆಟ್ಟಿಗೆಯೇ ಹೊರುತ್ತದೆ. ವಿದ್ಯುತ್ತು ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 30 ಯೂನಿಟ್ ಹಿಡಿಯುವ ಬ್ಯಾಟರಿಗೆ ಮನೆಯ 3.3 ಕಿಲೋವಾಟ್ ಸಂಪರ್ಕದಿಂದ ಒಂಬತ್ತು ಗಂಟೆ ಬೇಕು. 25 ಕಿಲೋವಾಟ್ ಚಾರ್ಜರಿಗೆ ಒಂದೂಕಾಲು ಗಂಟೆ ಸಾಕು.

ಹಾಗೆಂದು ಚಾರ್ಜರು ತನಗೆ ಇಷ್ಟ ಬಂದಷ್ಟು ಸುರಿಯುವುದಿಲ್ಲ. ಕೇಬಲ್ ಸಿಕ್ಕಿಸಿದೊಡನೆ ಕಾರು ಮತ್ತು ಚಾರ್ಜರು ಮಾತಾಡಿಕೊಳ್ಳುತ್ತವೆ. ‘ನನಗೆ ಇಷ್ಟು ಸಾಕು’ ಎಂದು ಕಾರು ಹೇಳುತ್ತದೆ, ಚಾರ್ಜರು ಅಷ್ಟನ್ನೇ ಕೊಡುತ್ತದೆ. ಈ ಮಾತುಕತೆ ಮುಗಿಯುವವರೆಗೆ ಹಿಡಿಕೆಗೆ ವಿದ್ಯುತ್ತು ಹರಿಯುವುದೇ ಇಲ್ಲ. ಬ್ಯಾಟರಿ ಶೇಕಡ 80 ತುಂಬಿದ ಮೇಲೆ ವೇಗ ತಾನಾಗಿ ಕುಗ್ಗುತ್ತದೆ. ಕೊಡ ಕಂಠದವರೆಗೆ ತುಂಬಿದಾಗ ನಾವು ನಲ್ಲಿಯನ್ನು ಸಣ್ಣಗೆ ಮಾಡುವುದಿಲ್ಲವೇ, ಹಾಗೆ. ಇಲ್ಲದಿದ್ದರೆ ಬ್ಯಾಟರಿ ಕಾದು ಅದರ ಆಯುಸ್ಸು ಕುಗ್ಗುತ್ತದೆ.

ಕಷ್ಟ ಇರುವುದು ಎಲ್ಲಿ?

ಈಗ ತೊಡಕಿನ ಮಾತು. 60 ಕಿಲೋವಾಟ್‌ನ ಒಂದೇ ಒಂದು ಚಾರ್ಜರು ಎಳೆಯುವ ವಿದ್ಯುತ್ತು ಐದು ಅಶ್ವಶಕ್ತಿಯ 16 ಪಂಪ್‌ಸೆಟ್ಟುಗಳಿಗೆ ಸಮ. ನಮ್ಮ ಹಳ್ಳಿಗಳ ಕಂಬದ ಮೇಲೆ ಕಾಣುವ 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಹೆಚ್ಚುಕಡಿಮೆ ಅದೊಂದಕ್ಕೇ ಮುಗಿದುಹೋಗುತ್ತದೆ. ಆದ್ದರಿಂದ ಬಂಕಿಗೆ ಪ್ರತ್ಯೇಕ ಲೈನು, ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಪೆಟ್ರೋಲ್ ಆವಿಗೆ ಕಿಡಿ ತಗಲಬಾರದು. ಆದ್ದರಿಂದ ಪಂಪು, ನೆಲದಡಿಯ ಟ್ಯಾಂಕು ಮತ್ತು ಗಾಳಿ ಕೊಳವೆಗಳಿಂದ ಚಾರ್ಜರನ್ನು ಸುರಕ್ಷಿತ ದೂರದಲ್ಲಿ ಇಡಬೇಕು. ಎಲ್ಲಕ್ಕೂ ಹಣ ಬೇಕು. ದಿನಕ್ಕೆ ಎರಡೇ ಕಾರು ಬಂದರೂ ಹಾಕಿದ ಬಂಡವಾಳದ ಬಡ್ಡಿ, ನಿರ್ವಹಣೆಯ ಖರ್ಚು ನಿಲ್ಲುವುದಿಲ್ಲ.

ಚಾರ್ಜರು ನೆಟ್ಟರೆ ಸಾಲದು, ಅದು ನಡೆಯಬೇಕು. ಅಸಲು ಪ್ರಶ್ನೆ ಇದೇ. ಪೆಟ್ರೋಲ್ ಪಂಪು ಕೆಟ್ಟರೆ ಬಂಕಿನವರು ತಕ್ಷಣ ಎಚ್ಚೆತ್ತುಕೊಳ್ಳುತ್ತಾರೆ, ಅದು ಅವರ ಅನ್ನ. ಮೂಲೆಯ ಚಾರ್ಜರು ಕೆಟ್ಟರೆ? ಬಂಕು ನಡೆಸುವವರು ಡೀಲರು, ಚಾರ್ಜರು ನಿಲ್ಲಿಸಿದ್ದು ಕಂಪನಿ, ಅದನ್ನು ದುರಸ್ತಿ ಮಾಡಬೇಕಾದವರು ಬೇರೆಲ್ಲೋ ಇರುವ ಗುತ್ತಿಗೆದಾರರು. ಮೂವರ ನಡುವೆ ಕೂಸು ಬಡವಾಗಬಾರದು. ಬ್ಯಾಟರಿಯಲ್ಲಿ ಶೇಕಡ 10 ಉಳಿಸಿಕೊಂಡು, ಮಕ್ಕಳೊಂದಿಗೆ ರಾತ್ರಿ ಹೊತ್ತು ಬಂದ ಪ್ರಯಾಣಿಕನಿಗೆ ದೇಶದಲ್ಲಿ ಎಷ್ಟು ಸಾವಿರ ಚಾರ್ಜರುಗಳಿವೆ ಎಂಬುದು ಮುಖ್ಯವಲ್ಲ. ಎದುರಿಗಿರುವ ಒಂದು ಕೆಲಸ ಮಾಡುತ್ತದೆಯೇ ಎಂಬುದು ಮುಖ್ಯ. ನೂರು ವರ್ಷದಲ್ಲಿ ಪೆಟ್ರೋಲ್ ಬಂಕುಗಳು ಗಳಿಸಿದ ದೊಡ್ಡ ಆಸ್ತಿ ಈ ನಂಬಿಕೆಯೇ: ಹೋದರೆ ಸಿಗುತ್ತದೆ. ಹೊಸ ವ್ಯಾಪಾರದಲ್ಲಿ ಅದನ್ನು ಅವರು ಮೊದಲಿನಿಂದ ಗಳಿಸಬೇಕು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲೇ. ನೆಟ್ಟ ಪ್ರತಿಯೊಂದು ಚಾರ್ಜರಿಗೂ ಅದನ್ನು ಬಲ್ಲ ಕೈಗಳು ಬೇಕು. ಲೈನು ಎಳೆದು ಅರ್ಥಿಂಗ್ ಮಾಡಲು ಐ.ಟಿ.ಐ. ಕಲಿತ ಎಲೆಕ್ಟ್ರೀಷಿಯನ್, ಪರಿವರ್ತಕ ಸುಟ್ಟಾಗ ತಪ್ಪು ಹುಡುಕಲು ಪವರ್ ಎಲೆಕ್ಟ್ರಾನಿಕ್ಸ್ ಓದಿದ ಡಿಪ್ಲೊಮಾದವರು, ಕಾರು-ಚಾರ್ಜರುಗಳ ಮಾತುಕತೆ ಕೆಟ್ಟಾಗ ಸರಿಪಡಿಸಲು ಸಾಫ್ಟ್‌ವೇರ್ ಬಲ್ಲವರು. ಕೆಟ್ಟ ಚಾರ್ಜರು ಚಿತ್ರದುರ್ಗದಲ್ಲಿದ್ದರೆ ಅದನ್ನು ಮುಟ್ಟಿ ನೋಡಲು ಚಿತ್ರದುರ್ಗದಲ್ಲೇ ಒಬ್ಬರು ಇರಬೇಕು. ‘ಎಂಜಿನಿಯರಿಂಗ್ ಸಿಗದಿದ್ದರೆ ಬದುಕೇ ಇಲ್ಲ’ ಎಂದು ಕೊರಗುವ ಪೋಷಕರು ಇದನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಇನ್ನೊಂದು ಮಾತು. ನಮ್ಮ ದೇಶ ಬಳಸುವ ಕಚ್ಚಾತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಕರೆಂಟು ನಮ್ಮದೇ. ಅದರ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನಿಂದ ಹುಟ್ಟುತ್ತದೆ, ನಿಜ. ಆದರೆ ಪಾವಗಡದ ಬಿಸಿಲು ವಿದ್ಯುತ್ತಾಗುವ ಹಗಲು ಹೊತ್ತಿನಲ್ಲಿ ಕಾರುಗಳು ಚಾರ್ಜಾದಷ್ಟೂ ಲಾಭ ಹೆಚ್ಚು.

ಮಗಳ ಪ್ರಶ್ನೆಗೆ ಅಪ್ಪ ಏನು ಹೇಳಬಹುದು? ‘ನಾಳೆ ಪೆಟ್ರೋಲ್ ಕೊಳ್ಳೋರು ಕಡಿಮೆಯಾದ್ರೂ ಅಂಗಡಿ ಮುಚ್ಚಬಾರದು ಅಂತ ಇವತ್ತೇ ಈ ಪೆಟ್ಟಿಗೆ ಇಟ್ಟಿದ್ದಾರಮ್ಮ. ಅದು ಕೆಟ್ಟು ನಿಲ್ಲದ ಹಾಗೆ ನೋಡ್ಕೊಳ್ಳೋರು ಬೇಕು. ಕಲಿತೀಯಾ?’